ಉದುರುವ ಆರ್ಕಿಡ್‌ಗೆ ತಡೆಮದ್ದು

ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಆ ರಟ್ಟಿನ ಪೆಟ್ಟಿಗೆಯನ್ನು ಕೈಗೆ ಕೊಟ್ಟಾಗಲೇ ಗೊತ್ತಾಗಿಹೋಯಿತು, ಈ ಸಲವೂ ಕೆಟ್ಟಿದೆ ಎಂದು. ಬೆಂಗಳೂರಿಗೆ ಹೋಗುವಾಗ ನಮ್ಮ ಹೂವಿನ ಪೆಟ್ಟಿಗೆ ಅಲ್ಲಾಡಿಸಿದರೂ ಸದ್ದು ಮಾಡುವುದಿಲ್ಲ. ವಾಪಸ್ ಬಂದದ್ದು ಒಳಗೆ ಸರಸರ ಎನ್ನುತ್ತಿತ್ತು. ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ. ಅಲ್ಲೇ ಕಲ್ಲುಬೆಂಚಿನ ಮೇಲಿಟ್ಟು ಟೇಪು ಕಿತ್ತೆ. ಕಡ್ಡಿಗಳೆಲ್ಲ ಬೋಳು. ನೇರಳೆ ಬಣ್ಣದ ಆರ್ಕಿಡ್ ಹೂಗಳು ಮುದುಡಿಕೊಂಡು ಪೆಟ್ಟಿಗೆಯ ತಳ ಸೇರಿದ್ದವು.

"ಏನಕ್ಕ, ಮೀನಾ?" ಎಂದು ಆಟೋದವನೊಬ್ಬ ಇಣುಕಿದ.

"ಹೂಂ, ಸತ್ತಿರೋ ಮೀನು," ಎಂದೆ. ಪಾಪ, ಅವನು ನಿಜವೆಂದುಕೊಂಡು ಮೂಗು ಮುಚ್ಚಿಕೊಂಡು ಸರಿದ.

ಎದುರಿನ ಎಸ್‌ಟಿಡಿ ಬೂತಿನಿಂದ ಬೆಂಗಳೂರಿನ ಹೂವಿನ ವ್ಯಾಪಾರಿಗೆ ಫೋನು ಮಾಡಿದೆ. ಆತ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ನಾಲ್ಕು ಮಾತಾಡಬಹುದಿತ್ತು. "ಮೇಡಂ, ಮಂಟಪದಲ್ಲಿ ಹುಡುಗಿ ತಲೆ ಮೇಲೆ ನಿಮ್ಮ ಹೂವು ಉದುರ್ತಾನೇ ಇತ್ತು. ಅಕ್ಷತೆ ಬೇಡ, ಇದೇ ಸಾಕು ಅಂತ ಪುರೋಹಿತರೇ ನಕ್ಕುಬಿಟ್ರು. ಯುಗಾದಿವರೆಗೆ ನೋಡ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ," ಎಂದು ಫೋನಿಟ್ಟ.

ಅದು ಕಾಫಿ ರೇಟು ಪಾತಾಳ ಕಂಡು, ಸುತ್ತಮುತ್ತಲಿನ ಬೆಳೆಗಾರರೆಲ್ಲ ವೆನಿಲ್ಲಾ ಹುಚ್ಚು ಹತ್ತಿಸಿಕೊಂಡಿದ್ದ ಕಾಲ. ನಾನು ಕೆಲಸಕ್ಕಿದ್ದದ್ದು ಹೆತ್ತೂರಿನ ಕಡೆಯ ಒಂದು ಎಸ್ಟೇಟಿನಲ್ಲಿ. ನನ್ನ ಮನೆ ಬಾಳ್ಳುಪೇಟೆ. ವಾರವಿಡೀ ಎಸ್ಟೇಟಿನ ಹಳೇ ಕ್ವಾರ್ಟರ್ಸಿನಲ್ಲಿ ಉಳಿದು ಭಾನುವಾರ ಮನೆಗೆ ಹೋಗುತ್ತಿದ್ದೆ. ತೋಟದ ಯಜಮಾನರು ತೀರಿಕೊಂಡ ಮೇಲೆ ಕಾಫಿ, ಮೆಣಸು, ಕೊನೆಗೆ ವೆನಿಲ್ಲಾ ಎಲ್ಲವೂ ಅವರ ತಮ್ಮನ ಕೈಗೆ ಹೋಗಿತ್ತು. ಯಜಮಾನರ ಹೆಂಡತಿ, ನಾವೆಲ್ಲ ಅಮ್ಮ ಎನ್ನುತ್ತಿದ್ದವರು, ಮನೆಯ ಹಿಂದಿನ ಇಳಿಜಾರಿನಲ್ಲಿ ಹಸಿರು ನೆಟ್ ಕಟ್ಟಿಸಿ ಆರ್ಕಿಡ್ ಬೆಳೆಸಿದ್ದರು. ಅದಕ್ಕೆ ನಾವು ನೆರಳುಮನೆ ಎನ್ನುತ್ತಿದ್ದೆವು. ಅಷ್ಟು ದೊಡ್ಡ ಎಸ್ಟೇಟಿನಲ್ಲಿ ಅಮ್ಮನ ಮಾತು ನಡೆಯುತ್ತಿದ್ದದ್ದು ಆ ನೆಟ್ಟಿನ ಕೆಳಗೆ ಮಾತ್ರ. ಅದು ಹೋದರೆ ಅವರು ಊಟದ ಹೊತ್ತಿಗೆ ಎಲೆ ಹಾಕುವ ವಿಧವೆ ಅತ್ತಿಗೆ, ಅಷ್ಟೇ.

ಪೆಟ್ಟಿಗೆ ವಾಪಸ್ ಬಂದ ಸುದ್ದಿ ಜೀಪಿಗಿಂತ ಮುಂಚೆ ಮನೆ ಮುಟ್ಟಿತ್ತು. ಅಮ್ಮನ ಮೈದುನ ಜಗಲಿಯಲ್ಲೇ ಕೂತಿದ್ದರು.

"ಅತ್ತಿಗೆ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಹಂಗಾಯ್ತು ನಿಮ್ದು. ಆ ನೆಟ್ಟು ನಂಗೆ ಕೊಟ್ಬುಡಿ. ವೆನಿಲ್ಲಾ ಹಬ್ಬುಸ್ತೀನಿ."

ಅಮ್ಮ ಅವರ ಮುಖ ನೋಡಲಿಲ್ಲ. "ಯುಗಾದಿ ತಂಕ ಬುಡಪ್ಪ. ಆಮೇಲೆ ನಿನ್ನಿಷ್ಟ," ಎಂದರು. ಒಳಗೆ ಬಂದವರೇ ನನ್ನ ತೋಳು ಹಿಡಿದು, "ಏನೇ ಇದು? ನೀನು ಮದ್ದು ಹಾಕ್ತಿದೀಯ ತಾನೆ?" ಎಂದು ಕೇಳಿದರು. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದೇ ಆ ಮದ್ದಿಗಾಗಿ.

ಮದ್ದಿನ ವಿಷಯ ಸ್ವಲ್ಪ ಹೇಳಬೇಕು. ಬಾಳೆಗೊನೆಯನ್ನು ಗುಂಡಿಯಲ್ಲಿಟ್ಟು ಹೊಗೆ ಹಾಕಿ ಹಣ್ಣು ಮಾಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಹೊಗೆಯಲ್ಲಿ ಕಾಯಿಯನ್ನು ಹಣ್ಣು ಮಾಡುವ ಒಂದು ಅನಿಲವಿದೆ, ಎಥಿಲೀನ್ ಅಂತ. ಅದೇ ಅನಿಲವನ್ನು ಗಿಡ ತಾನೂ ತನ್ನೊಳಗೆ ತಯಾರಿಸುತ್ತದೆ. ಹಣ್ಣಾಗುವುದು, ಎಲೆ ಹಳದಿಯಾಗುವುದು, ಹೂವು ಬಾಡಿ ಕಳಚುವುದು, ಇದಕ್ಕೆಲ್ಲ ಒಳಗಿನಿಂದ ಹುಕುಂ ಹೊರಡಿಸುವುದು ಅದೇ. ಅದನ್ನು ಎದುರಿಸಲು ಎರಡು ಬಗೆಯ ರಾಸಾಯನಿಕಗಳಿವೆ. ಬೆಳ್ಳಿಯ ಲವಣದಿಂದ ಮಾಡಿದ್ದು ಹೂವಿನ ಕಿವಿ ಮುಚ್ಚುತ್ತದೆ. ಎಥಿಲೀನ್ ಎಷ್ಟೇ ಇದ್ದರೂ ಹೂವಿಗೆ ಅದರ ಮಾತು ಕೇಳಿಸುವುದಿಲ್ಲ. ಇನ್ನೊಂದು ಬಗೆಯದು ಹೂವು ಎಥಿಲೀನ್ ತಯಾರಿಸುವುದನ್ನೇ ತಡೆಯುತ್ತದೆ. ಬೆಳ್ಳಿಯದು ವಿಷ. ತೊಳೆದ ನೀರು ಹಳ್ಳಕ್ಕೆ ಹೋಗಿ ದನಕರು ಕುಡಿಯುತ್ತವೆ, ಬೇಡವೇ ಬೇಡ ಎಂದು ಅಮ್ಮ ಮೊದಲೇ ಹೇಳಿದ್ದರು. ಹಾಗಾಗಿ ನಾನು ಬಳಸುತ್ತಿದ್ದದ್ದು ಎರಡನೆಯ ಬಗೆಯ ಅಮೈನೋಆಕ್ಸಿ ಅಸಿಟಿಕ್ ಆಮ್ಲ. ಆ ಹೆಸರು ಎಸ್ಟೇಟಿನಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ತಡೆಮದ್ದು ಎಂದರು, ನನ್ನನ್ನು ಮದ್ದಿನಕ್ಕ ಎಂದರು.

ಕೆಲಸದ ಕ್ರಮ ಹೀಗಿತ್ತು. ಮಧ್ಯಾಹ್ನದ ಮೇಲೆ ಹೆಂಗಸರು ಹೂಕಡ್ಡಿ ಕತ್ತರಿಸಿ ತರುತ್ತಿದ್ದರು. ನಾನು ಪ್ರತಿ ಕಡ್ಡಿಯ ತುದಿಯನ್ನು ನೀರಿನೊಳಗೇ ಇನ್ನೊಮ್ಮೆ ಓರೆಯಾಗಿ ಕೊಯ್ಯುತ್ತಿದ್ದೆ, ಗಾಳಿ ಒಳಗೆ ಸೇರದಿರಲಿ ಎಂದು. ಆಮೇಲೆ ತಡೆಮದ್ದಿನ ನೀರು ತುಂಬಿದ ಬಕೀಟಿನಲ್ಲಿ ರಾತ್ರಿಯೆಲ್ಲ ನಿಲ್ಲಿಸಿ, ಬೆಳಗ್ಗೆ ಪೆಟ್ಟಿಗೆಗೆ ಹಾಕಿ ಜೀಪಿನಲ್ಲಿ ಬಸ್ಸಿಗೆ ಸಾಗಿಸುವುದು. ಚಳಿಗಾಲದಲ್ಲೆಲ್ಲ ಒಂದು ಹೂವು ಉದುರಿದ್ದಿಲ್ಲ. ಬಿಸಿಲು ಏರಿದ ಮೇಲೆ ಶುರುವಾಯಿತು ಈ ಕಾಟ.

ಬಿಸಿಲೇ ಕಾರಣವೆಂದು ಮದ್ದು ಜಾಸ್ತಿ ಮಾಡಿದೆ. ಪೆಟ್ಟಿಗೆ ವಾಪಸ್ ಬಂತು. ಇನ್ನಷ್ಟು ಮಾಡಿದೆ. ಈಗ ಕಡ್ಡಿಯ ತುದಿ ಕಂದಿ, ದಳದ ಅಂಚು ಸುಟ್ಟಂತಾಯಿತು, ಹೂವಂತೂ ಉದುರಿಯೇ ಉದುರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೇನೆ ಎಂದು ಅನ್ನಿಸತೊಡಗಿತು. ಆದರೆ ಎತ್ತು ಯಾವುದು? ಅದಕ್ಕಿಂತ ತಲೆ ಕೆಡಿಸಿದ್ದು ನನ್ನದೇ ಮೇಜು. ಪರೀಕ್ಷೆಗೆಂದು ಬೆಳಗಿನ ಹೊತ್ತು ನಾನೇ ನಾಲ್ಕು ಕಡ್ಡಿ ಕತ್ತರಿಸಿ, ಅದೇ ಮದ್ದಿನಲ್ಲಿ ಇಟ್ಟುಕೊಂಡಿರುತ್ತಿದ್ದೆ. ಅವು ಮದುವಣಗಿತ್ತಿಯರ ಹಾಗೆ ದಿನಗಟ್ಟಲೆ ನಗುತ್ತಾ ನಿಂತಿರುತ್ತಿದ್ದವು. ಅದೇ ಗಿಡ, ಅದೇ ನೀರು, ಅದೇ ಮದ್ದು. ಮೇಜಿನ ಮೇಲೆ ಬದುಕುತ್ತದೆ, ಪೆಟ್ಟಿಗೆಯಲ್ಲಿ ಸಾಯುತ್ತದೆ. ನಾನು ಪ್ಯಾಕಿಂಗ್ ಶೆಡ್ಡಿನಲ್ಲಿ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ನಡೆದೂ ನಡೆದೂ ಚಪ್ಪಲಿ ಸವೆಸಿದೆ.

ಹಾಗಾದರೆ ಎಥಿಲೀನ್ ಹೊರಗಿನಿಂದ ಬರುತ್ತಿರಬೇಕು ಎಂದುಕೊಂಡೆ. ತಡೆಮದ್ದು ಹೂವು ತಯಾರಿಸುವುದನ್ನು ತಡೆಯುತ್ತದೆಯೇ ಹೊರತು ಹೊರಗಿನಿಂದ ಬಂದು ತಾಗುವುದನ್ನಲ್ಲ. ಶೆಡ್ಡಿನ ಪಕ್ಕದ ಕೋಣೆಯಲ್ಲಿ ರೈಟರ್ ಬಾಳೆಗೊನೆ ನೇತುಹಾಕಿದ್ದರು. ರೈಟರ್ ಅಂದರೆ ಎಸ್ಟೇಟಿನ ಆಳು-ಲೆಕ್ಕ ನೋಡಿಕೊಳ್ಳುವವರು. ನಾನು ಹೋಗಿ ಗೊನೆ ಇಳಿಸಿಬಿಟ್ಟೆ.

"ಏನ್ರಮ್ಮ ಇದು, ನಾನು ಬಾಳೆಹಣ್ಣು ತಿಂದ್ರೆ ಹೂವಿಗೆ ಹೊಟ್ಟೆಕಿಚ್ಚಾ?" ಎಂದು ಅವರು ಸಿಡುಕಿದರು.

"ಹಣ್ಣಾಗ್ತಿರೋ ಬಾಳೆ ಗ್ಯಾಸ್ ಬಿಡುತ್ತೆ ಸಾರ್."

"ಅದು ತಿಂದೋರೂ ಬಿಡ್ತಾರೆ. ನನ್ನನ್ನೂ ಓಡುಸ್ತೀರಾ?"

ಊಹೆಯಿಂದ ಗೊನೆ ಇಳಿಸುತ್ತಾ ಹೋದರೆ ಆಗುವುದಿಲ್ಲ, ಅಳೆಯಬೇಕು. ಅಳೆಯುವ ಯಂತ್ರ ನಮ್ಮ ಹತ್ತಿರ ಎಲ್ಲಿ ಬರಬೇಕು? ಆದರೆ ಟೊಮ್ಯಾಟೊ ಸಸಿ ಇತ್ತು. ಗಾಳಿಯಲ್ಲಿ ಚೂರು ಎಥಿಲೀನ್ ಇದ್ದರೂ ಟೊಮ್ಯಾಟೊ ಸಸಿಯ ಎಲೆಗಳು ತೊಟ್ಟಿನ ಹತ್ತಿರ ಕೆಳಕ್ಕೆ ಬಾಗುತ್ತವೆ, ನೀರಿಲ್ಲದೆ ಬಾಡಿದ ಹಾಗಲ್ಲ, ಮೊಣಕೈ ಮಡಿಚಿದ ಹಾಗೆ. ಮೊದಲು ಒಂದು ಸಸಿಯನ್ನು ಹಣ್ಣುಬಾಳೆಯ ಜೊತೆ ಡ್ರಮ್ಮಿನಲ್ಲಿ ಮುಚ್ಚಿಟ್ಟೆ. ಮಾರನೆಯ ದಿನ ಅದು ಕೈಕಾಲು ಇಳಿಬಿಟ್ಟುಕೊಂಡು ಕೂತಿತ್ತು. ಸರಿ, ಉಪಾಯ ಕೆಲಸ ಮಾಡುತ್ತದೆ. ಆಮೇಲೆ ಶೆಡ್ಡಿನ ಮೂಲೆಮೂಲೆಗೆ, ರೈಟರ್ ಕೋಣೆಗೆ, ಜೀಪಿನ ಹಿಂದುಗಡೆಗೆ ಒಂದೊಂದು ಸಸಿ ಇಟ್ಟೆ. ಒಂದನ್ನು ಹೂವಿನ ಪೆಟ್ಟಿಗೆಯ ಹೊರಮೈಗೇ ಕಟ್ಟಿ ಬೆಂಗಳೂರಿಗೆ ಕಳಿಸಿದೆ.

"ಮೇಡಂ, ಹೂವು ಉದುರಿದೆ. ಟೊಮ್ಯಾಟೊ ಸಸಿ ಮಾತ್ರ ಭಾರಿ ಚೆನ್ನಾಗಿದೆ. ಇನ್ಮೇಲೆ ಸಾರಿಗೆ ಬೇಕಾದ್ದೂ ಕಳಿಸ್ತೀರಾ?" ಎಂದು ವ್ಯಾಪಾರಿ ಫೋನಿನಲ್ಲಿ ಕೇಳಿದ.

ನಗು ಬರಲಿಲ್ಲ. ಶೆಡ್ಡಿನ ಸಸಿಗಳೂ ನೆಟ್ಟಗೇ ನಿಂತಿದ್ದವು. ಹೊರಗಿನ ಗಾಳಿ ಶುದ್ಧ. ಅಂದರೆ ಹೂವೇ ಒಳಗೊಳಗೆ ಎಥಿಲೀನ್ ತಯಾರಿಸುತ್ತಿದೆ, ಅದೂ ತಡೆಮದ್ದಿಗೆ ಸೊಪ್ಪು ಹಾಕದೆ. ಯುಗಾದಿ ಹತ್ತಿರವಾಗುತ್ತಿತ್ತು. ಮೈದುನ ಒಂದು ದಿನ ಟೇಪು ಹಿಡಿದುಕೊಂಡು ನೆರಳುಮನೆಯ ಉದ್ದಗಲ ಅಳೆದು ಹೋದರು. ಅಮ್ಮ ಅಡುಗೆಮನೆ ಕಿಟಕಿಯಿಂದ ಅದನ್ನು ನೋಡುತ್ತಾ ನಿಂತಿದ್ದರು.

ಅವತ್ತು ಸಿಟ್ಟಿನಲ್ಲಿ ವಾಪಸ್ ಬಂದ ಹೂಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಭೂತಗನ್ನಡಿ ಹಿಡಿದು ಕೂತೆ. ಆರ್ಕಿಡ್ ಹೂವಿನ ನಡುವೆ ಒಂದು ಪುಟ್ಟ ಕಂಬವಿರುತ್ತದೆ. ಅದರ ತುದಿಗೆ ಬಿಳಿ ಟೋಪಿ, ಟೋಪಿಯ ಕೆಳಗೆ ಪರಾಗದ ಹಳದಿ ಉಂಡೆ. ನನ್ನ ಮೇಜಿನ ಜಾಡಿಯ ಹೂಗಳಲ್ಲಿ ಟೋಪಿ ಇತ್ತು. ಉದುರಿದ ಹೂವಿನಲ್ಲಿ ಇರಲಿಲ್ಲ. ಇನ್ನೊಂದು ಹೂವು ನೋಡಿದೆ, ಇಲ್ಲ. ಮತ್ತೊಂದು, ಇಲ್ಲ. ಟೋಪಿ ಹೋಗಿ, ಹಳದಿ ಉಂಡೆ ಕಂಬದ ಕೆಳಗಿನ ಅಂಟುಗುಳಿಯಲ್ಲಿ ಕೂತಿತ್ತು. ಅಯ್ಯೋ ದೇವರೇ ಎಂದು ನಾನು ಗಟ್ಟಿಯಾಗೇ ಕೂಗಿದೆ. ಇವುಗಳಿಗೆ ಪರಾಗಸ್ಪರ್ಶ ಆಗಿಬಿಟ್ಟಿದೆ!

ಪರಾಗ ಬಿದ್ದ ಮೇಲೆ ಹೂವಿನ ಕೆಲಸ ಮುಗಿಯಿತು. ಇನ್ನು ಅದಕ್ಕೆ ಬಣ್ಣ ಬೇಡ, ಬಿಂಕ ಬೇಡ, ಬೇಕಾದ್ದು ಕಾಯಿ. ಆಗಲೇ ಅದು ತಾನಾಗಿ ಎಥಿಲೀನ್ ತಯಾರಿಸಿಕೊಂಡು ದಳಗಳನ್ನು ಮಡಿಚುತ್ತದೆ. ಎಥಿಲೀನ್ ತಯಾರಾಗುವುದು ಒಂದೊಂದೇ ಮೆಟ್ಟಿಲು ಹತ್ತಿ. ನನ್ನ ಮದ್ದು ನಡುವಿನ ಒಂದು ಮೆಟ್ಟಿಲನ್ನು ಮಾತ್ರ ತಡೆಯುತ್ತದೆ. ಕಡ್ಡಿ ಬಕೀಟಿಗೆ ಬಂದು ಮದ್ದು ಮೇಲೇರುವಷ್ಟರಲ್ಲಿ ಹೂವು ಆ ಮೆಟ್ಟಿಲು ದಾಟಿರುತ್ತಿತ್ತು. ಕಳ್ಳ ಒಳಗೆ ಹೋದ ಮೇಲೆ ಬಾಗಿಲಿಗೆ ಬೀಗ ಹಾಕುತ್ತಿದ್ದೆ ನಾನು.

ಜೇನುನೊಣದ ಕೆಲಸ ಎಂದುಕೊಂಡು ನೆಟ್ಟಿನ ತೂತುಗಳನ್ನೆಲ್ಲ ಹೊಲಿಸಿದೆವು. ಮುಂದಿನ ಕಟಾವಿನ ಹೂವೂ ಹಾಗೇ. ಒಂದು ಹೂವು ಬಿಡದೆ ಸಾಲಾಗಿ ಮಾಡಿಕೊಂಡು ಹೋಗುವ ಜೇನು ಯಾವುದಪ್ಪ? ಮಾರನೆಯ ಮಧ್ಯಾಹ್ನ ನಾನೂ ರೈಟರೂ ನೆರಳುಮನೆಯ ಮೂಲೆಯಲ್ಲಿ ತೆಂಗಿನ ಸಿಪ್ಪೆಯ ಮೂಟೆಗಳ ಹಿಂದೆ ಕೂತೆವು.

ಕಟಾವಿನ ಹೆಂಗಸರು ಮಾತಾಡಿಕೊಂಡು ಬಂದರು. ಬೆಳಗ್ಗೆಯೆಲ್ಲ ಇವರದು ಮೈದುನರ ವೆನಿಲ್ಲಾ ಕೆಲಸ. ವೆನಿಲ್ಲಾ ಹೂವು ಅರಳುವುದು ಒಂದೇ ಬೆಳಗು; ಅಷ್ಟರಲ್ಲಿ ಕೈಯಿಂದ ಪರಾಗ ಮುಟ್ಟಿಸಿದರೆ ಕಾಯಿ, ಇಲ್ಲದಿದ್ದರೆ ಉದುರಿಹೋಯಿತು. ಅದಕ್ಕೆ ಇವರು ಮದುವೆ ಮಾಡುವುದು ಎನ್ನುತ್ತಿದ್ದರು. ಅದರಲ್ಲಿ ಎತ್ತಿದ ಕೈ ಎಂದರೆ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದ ಹಿರಿಯ ಹೆಂಗಸು. ಆ ದೊಡ್ಡಕ್ಕ ಆರ್ಕಿಡ್ ಕಡ್ಡಿಗೆ ಕತ್ತರಿ ಇಡುವ ಮುಂಚೆ, ತುರುಬಿಗೆ ಸಿಕ್ಕಿಸಿದ್ದ ಬಿದಿರಿನ ಸೀಳು ತೆಗೆದು, ಕೆಳಗಿನ ಹೂವಿನಿಂದ ಮೇಲಿನವರೆಗೆ ಟುಕ್ ಟುಕ್ ಟುಕ್ ಎಂದು ಮುಟ್ಟಿಸುತ್ತಾ ಹೋದಳು. ಮಾತು ನಿಂತಿರಲಿಲ್ಲ, ಕಣ್ಣು ಬೇರೆಲ್ಲೋ ಇತ್ತು. ಉಳಿದವರೂ ಅದನ್ನೇ ಮಾಡುತ್ತಿದ್ದರು. ಎಷ್ಟು ಚಂದದ ಕೆಲಸ ಎಂದರೆ ನಾನು ಒಂದು ಗಳಿಗೆ ನೋಡುತ್ತಾ ಕೂತುಬಿಟ್ಟೆ.

ಅಷ್ಟರಲ್ಲಿ ರೈಟರ್ ಎದ್ದುಬಿಟ್ಟರು. "ಏಯ್, ಹಾಳು ಮಾಡ್ಬುಟ್ರಲ್ರೇ! ನೀವು ಮುಟ್ಟಿದ್ದಕ್ಕೇ ಹೂವೆಲ್ಲ ಸತ್ತಿದ್ದು. ಇವತ್ತಿಂದ ಒಬ್ಬರೂ ಹೂವು ಮುಟ್ಟಂಗಿಲ್ಲ!" ಎಂದು ಕಿರುಚಿದರು. ಸಾಲದ್ದಕ್ಕೆ ಸುಣ್ಣದಕಡ್ಡಿ ತಂದು ನೆರಳುಮನೆಯ ಬಾಗಿಲ ಹಲಗೆಯ ಮೇಲೆ ದಪ್ಪಕ್ಷರದಲ್ಲಿ 'ಹೂ ಮುಟ್ಟಬಾರದು' ಎಂದು ಬರೆದರು. ಹೆಂಗಸರು ಕತ್ತರಿಗಳನ್ನು ಬುಟ್ಟಿಯಲ್ಲಿಟ್ಟು ಹೊರಟುಹೋದರು. ಕಾರಣ ಸಿಕ್ಕಿತಲ್ಲ ಎಂಬ ಹಿಗ್ಗಿನಲ್ಲಿ ನಾನು ಓಡಿಹೋಗಿ ಅಮ್ಮನಿಗೆ ಹೇಳಿದೆ. ಇಬ್ಬರೂ ಅವತ್ತು ಹೊಟ್ಟೆ ತುಂಬಾ ಉಂಡೆವು.

ಬೆಳಗಾದರೆ ವೆನಿಲ್ಲಾಕ್ಕೆ ಒಂದು ಆಳಿಲ್ಲ. ಲೈನಿನ ಹೆಂಗಸರೆಲ್ಲ, ಅಂದರೆ ಎಸ್ಟೇಟಿನ ಆಳುಮನೆಗಳ ಸಾಲಿನಲ್ಲಿ ಇದ್ದವರೆಲ್ಲ, ಹಳ್ಳದಾಚೆಯ ತೋಟಕ್ಕೆ ಮೆಣಸಿನ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಮೈದುನರ ವೆನಿಲ್ಲಾ ಹೂಗಳು ಬಾಡಿ ಜೋತುಬಿದ್ದವು.

"ಯುಗಾದಿನೂ ಬ್ಯಾಡ, ಗಿಗಾದಿನೂ ಬ್ಯಾಡ!" ಮೈದುನರ ಕೂಗು ಅಂಗಳಕ್ಕೆಲ್ಲ ಕೇಳಿಸುತ್ತಿತ್ತು. "ನಿಮ್ಮ ಹೂವಿನ ಶೋಕಿಗೆ ನನ್ನ ಬೆಳೆ ಹೋಗ್ತಾ ಐತೆ ಅತ್ತಿಗೆ. ಸೋಮವಾರ ನೆಟ್ ಬಿಚ್ಚುಸ್ತೀನಿ. ಆಲೂರ ಕಡೆಯಿಂದ ಹೊಸ ಆಳು ತರುಸ್ತೀನಿ. ಮುಗೀತು."

ಹೊಸ ಆಳು ಬಂದರೆ ಹೂವೂ ಸರಿಹೋಗುತ್ತದಲ್ಲ ಎಂದು ರೈಟರ್ ತಲೆ ಅಲ್ಲಾಡಿಸಿದರು. ಅಮ್ಮನೂ ಒಂದು ಕ್ಷಣ ಆ ಕಡೆ ವಾಲಿದಂತೆ ಕಂಡರು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ರಾತ್ರಿಯೆಲ್ಲ ಹೊರಳಾಡಿ, ಗುರುವಾರ ಬೆಳಗ್ಗೆ ಯಾರಿಗೂ ಹೇಳದೆ ಲೈನಿಗೆ ಹೋದೆ. ದೊಡ್ಡಕ್ಕ ಇನ್ನೂ ಕೆಲಸಕ್ಕೆ ಹೊರಟಿರಲಿಲ್ಲ. ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು.

"ಬಾರವ್ವ ಮದ್ದಿನಕ್ಕ, ಕೂತ್ಕ. ನೆಲ ಮುಟ್ಟಬೌದು, ಏನೂ ಆಗಕಿಲ್ಲ."

ಆ ಮಾತು ನೇರವಾಗಿ ಎದೆಗೆ ಬಿತ್ತು. ನಾನು ಕೂತೆ.

"ನಮ್ಮಜ್ಜೀಗೆ ಬಾವಿ ಮುಟ್ಬ್ಯಾಡ ಅಂದ್ರು. ನಮ್ಮವ್ವಂಗೆ ಬಾಗ್ಲು ಮುಟ್ಬ್ಯಾಡ ಅಂದ್ರು. ಈಗ ಹೂವ ಮುಟ್ಬ್ಯಾಡ ಅಂತ ಬೋರ್ಡು," ಎಂದಳು ದೊಡ್ಡಕ್ಕ. ಮೊರ ಕೆಳಗಿಟ್ಟು ಎರಡೂ ಅಂಗೈ ಚಾಚಿದಳು. "ಬೆಳಗ್ಗೆ ವೆನಿಲ್ಲಾ ಮುಟ್ಟಿದ್ರೆ ಕಾಯಿ ಕಟ್ತದೆ. ಮಧ್ಯಾನ ನಿಮ್ಮ ಹೂವ ಮುಟ್ಟಿದ್ರೆ ಸಾಯ್ತದಾ? ಒಂದೇ ಕೈ ಅಲ್ವೇನವ್ವ ಇದು?"

"ಕೈಯಿಂದ ಅಲ್ಲ ದೊಡ್ಡಕ್ಕ. ನೀವು ಅದಕ್ಕೆ ಮದುವೆ ಮಾಡಿದ್ದಕ್ಕೆ. ಯಾಕೆ ಮಾಡಿದ್ರಿ?"

"ಯಾಕೆ ಅಂದ್ರೆ? ಅಮ್ಮೋರೇ ಹೇಳಿದ್ದು. ಇದೂ ವೆನಿಲ್ಲಾ ಕುಲದ್ದೇ ಕಣ್ರೇ, ವೆನಿಲ್ಲಾನ ಹೆಂಗೆ ನೋಡ್ಕತೀರೋ ಹಂಗೇ ನೋಡ್ಕಳಿ ಅಂದ್ರು. ನೋಡ್ಕಂಡೊ. ಒಂದು ಹೂವೂ ಬುಡ್ದಂಗೆ ಮದ್ವೆ ಮಾಡೇ ಕಳ್ಸಿದೊ. ಸಣ್ಣ ಯಜಮಾನ್ರು ಒಂದು ವೆನಿಲ್ಲಾ ಹೂವ ಬುಟ್ರೆ ಮಂಗಳಾರತಿ ಎತ್ತಾರೆ. ಇಲ್ಲಿ ಬುಟ್ಟು ಅಮ್ಮೋರ ತಾವೂ ಬೈಸ್ಕಬೇಕಾ?"

ನಾನು ತಲೆ ಮೇಲೆ ಕೈ ಹೊತ್ತೆ. ಅಮ್ಮ ಹಾಗೆ ಹೇಳಿದ್ದು ನಿಜ, ವೆನಿಲ್ಲಾ ಸೀಸನ್ ಶುರುವಾಗುವ ಹೊತ್ತಿಗೆ, ನಾನೂ ಪಕ್ಕದಲ್ಲೇ ಇದ್ದೆ. ಹೇಳಿದ್ದೂ ಸುಳ್ಳಲ್ಲ, ವೆನಿಲ್ಲಾ ಕೂಡ ಆರ್ಕಿಡ್ ಜಾತಿಯದೇ. ವೆನಿಲ್ಲಾದಲ್ಲಿ ನಮಗೆ ಬೇಕಾದ್ದು ಕಾಯಿ, ಇಲ್ಲಿ ಬೇಕಾದ್ದು ಹೂವು, ಮದುವೆಯಾದ ಹೂವು ಕಾಯಿಯ ಯೋಚನೆಗೆ ಬಿದ್ದು ತನ್ನ ಅಲಂಕಾರ ತಾನೇ ಕಳಚುತ್ತದೆ ಎಂದು ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಸರಿ ಕಣವ್ವ. ಮಾತಲ್ಲಿ ಹೇಳ್ತೀಯ. ಮಾತು ಅವರಿಗೂ ಬತ್ತದೆ, ಬೋರ್ಡ್ ಬರ್ದೋರಿಗೆ," ಎಂದು ಮತ್ತೆ ಮೊರ ಎತ್ತಿಕೊಂಡಳು.

ಹಿಂದಿರುಗುವ ದಾರಿಯಲ್ಲಿ ನಾನು ನಿರ್ಧಾರ ಮಾಡಿದೆ. ಹಲಗೆಯ ಬರಹ ಒರೆಸಿದರೆ ಸಾಲದು. ಪ್ರಯೋಗವನ್ನು ನನ್ನ ಮೇಜಿನಿಂದ ಎತ್ತಿ ಅವರ ಬಾಗಿಲಿಗೆ ಒಯ್ಯಬೇಕು. ಅಮ್ಮನ ಹತ್ತಿರ ಹೋಗಿ, "ನೀವು ಲೈನಿಗೆ ಬಂದು, ಎಲ್ಲರೆದುರು ನಿಮ್ಮ ಕೈಯಲ್ಲಿ ಒಂದು ಕಡ್ಡಿಗೆ ಮದುವೆ ಮಾಡ್ಬೇಕು," ಎಂದೆ.

"ಲೈನಿಗೆ ಹೋಗಿ ಕೂರ್ಬೇಕೇನೇ ನಾನು? ಈ ಮನೆಗೆ ಸೊಸೆಯಾಗಿ ಬಂದ್ಮೇಲೆ ಒಂದು ದಿನ ಹೋಗಿಲ್ಲ. ಜನ ಏನಂತಾರೆ?"

ನನಗೆ ರೇಗಿಹೋಯಿತು. "ಅಮ್ಮಾ, ನಿಮ್ಗೆ ನೆರಳುಮನೆ ಬೇಕೋ ಬೇಡ್ವೋ?" ಎಂದು ಕೂಗಿಯೇಬಿಟ್ಟೆ. ಕೆಲಸ ಹೋಯಿತು ಎಂದುಕೊಂಡೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟಿದರು.

ಹೆಂಗಸರು ಕೆಲಸದಿಂದ ಬರುವ ಹೊತ್ತಿಗೆ, ನಾನೇ ಟೋಪಿ ಪರೀಕ್ಷಿಸಿ ಕತ್ತರಿಸಿದ ಎರಡು ಹೂಕಡ್ಡಿ, ಒಂದು ಕ್ಯಾನು ಮದ್ದಿನ ನೀರು ತೆಗೆದುಕೊಂಡು ಹೋದೆವು. ದೊಡ್ಡಕ್ಕನ ಜಗಲಿಯ ಸುತ್ತ ಇಡೀ ಲೈನೇ ಸೇರಿತು. ಅಮ್ಮ ಕೂತರು, ಕಡ್ಡಿ ಹಿಡಿದರು, ಆಮೇಲೆ ಮೆಲ್ಲಗೆ ನನ್ನ ಕಡೆ ನೋಡಿದರು. ಅವರಿಗೆ ಮದುವೆ ಮಾಡುವುದು ಬರುತ್ತಿರಲಿಲ್ಲ! ವೆನಿಲ್ಲಾ ಎಸ್ಟೇಟಿನ ಒಡತಿ, ಒಂದು ಹೂವಿಗೂ ಕಡ್ಡಿ ಮುಟ್ಟಿಸಿದವರಲ್ಲ. ಹೆಂಗಸರು ಕಿಸಕ್ಕೆಂದರು. ದೊಡ್ಡಕ್ಕ ತುರುಬಿನಿಂದ ಬಿದಿರಿನ ಸೀಳು ತೆಗೆದು ಅಮ್ಮನ ಬೆರಳಿಗೆ ಕೊಟ್ಟಳು. ಸ್ವಲ್ಪ ತಡೆದು, ಅಮ್ಮನ ಮಣಿಕಟ್ಟು ಹಿಡಿದುಕೊಂಡಳು. "ಒತ್ತಬ್ಯಾಡಿ ಅಮ್ಮೋರೆ. ಟೋಪಿ ಎತ್ತಿ, ಉಂಡೆ ಅಂಟುಸ್ಕಳಿ. ಹಾಂ, ಈಗ ಕೆಳಗ್ಲ ಗುಳೀಗೆ ತಾಗ್ಸಿ ಬುಡಿ. ಅಷ್ಟೇಯ." ಅಮ್ಮ ಬೆವರುತ್ತಾ ಒಂದೊಂದೇ ಹೂವು ಮುಗಿಸಿದರು.

ಇನ್ನೊಂದು ಕಡ್ಡಿಯನ್ನು ದೊಡ್ಡಕ್ಕನ ಕೈಗಿತ್ತು, "ಟೋಪಿ ಒಂದು ಬಿಟ್ಟು ಎಲ್ಲ ಕಡೆ ಮುಟ್ಟಿ," ಎಂದೆ. ಆಕೆ ದಳದಳವನ್ನೂ ಸವರಿದಳು. ಕಡ್ಡಿ ಕೈಯಿಂದ ಕೈಗೆ ಹೋಯಿತು. ಅಷ್ಟೂ ಕೈಗಳು ಆಡಿದವು. ಯಾರದಾದರೂ ಉಗುರು ತಾಗಿ ಟೋಪಿ ಕಳಚಿ ಉಂಡೆ ಗುಳಿಗೆ ತಾಗಿದರೆ ಈ ಹೂವೂ ಸಾಯುತ್ತದೆ, ಆಮೇಲೆ ಈ ಜಗಲಿಯ ಮೇಲೆ ನಾನು ಏನು ಹೇಳಿದರೂ ಅದು ಬರೀ ಮಾತು.

"ನೀರಲ್ಲೇನಾರ ಮೋಸ ಐತೇನವ್ವ?" ಎಂದು ಗುಂಪಿನಲ್ಲೊಬ್ಬಳು ಕೇಳಿದಳು. "ನೀವೇ ಹುಯ್ಯಿರಿ," ಎಂದು ಕ್ಯಾನು ಕೊಟ್ಟೆ. ಆಕೆಯೇ ಎರಡು ಚೊಂಬಿಗೂ ಅದೇ ನೀರು ಹುಯ್ದಳು. ಒಳಗಿಡಬೇಡಿ, ಒಲೆಯ ಹೊಗೆ ತಾಗಿದರೆ ಎರಡೂ ಕೆಡುತ್ತವೆ ಎಂದು ಕೇಳಿಕೊಂಡೆ. ಜಗಲಿಯ ಗೂಡಿನಲ್ಲಿಟ್ಟು, ಇಲಿ ಬಾರದಂತೆ ಕುಕ್ಕೆ ಕವುಚಿದರು.

ಶುಕ್ರವಾರ ಶನಿವಾರ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಲೈನಿನ ದಾರಿಯಲ್ಲಿ ಅರ್ಧ ಹೋಗುವುದು, ವಾಪಸ್ ಬರುವುದು. ನೋಡಲು ಹೋದರೆ ಏನೋ ಮಾಡಲು ಬಂದಳು ಎಂದುಕೊಂಡಾರು. ಹೆಂಗಸರು ಹಳ್ಳದಾಚೆಗೆ ಹೋಗುತ್ತಲೇ ಇದ್ದರು, ವೆನಿಲ್ಲಾ ಉದುರುತ್ತಲೇ ಇತ್ತು. ಮೈದುನ ನೆಟ್ ಬಿಚ್ಚಲು ಏಣಿ ತರಿಸಿ ಗೋಡೆಗೆ ಒರಗಿಸಿದ್ದರು. ಶನಿವಾರ ಅಮ್ಮ ಊಟ ಮಾಡಲಿಲ್ಲ. ಆ ಭಾನುವಾರ ನಾನು ಬಾಳ್ಳುಪೇಟೆಗೆ ಹೋಗಲಿಲ್ಲ.

ಭಾನುವಾರ ಬೆಳಗ್ಗೆ ಅಮ್ಮನೇ ಮುಂದೆ, ನಾನು ಹಿಂದೆ. ಜಗಲಿಯ ಮುಂದೆ ಜನ ಆಗಲೇ ಸೇರಿದ್ದರು. ದೊಡ್ಡಕ್ಕ ಕುಕ್ಕೆ ಎತ್ತಿ ಎರಡೂ ಚೊಂಬನ್ನು ಅಂಚಿಗೆ ತಂದಿಟ್ಟಳು. ಒಂದರಲ್ಲಿ ಹೂಗಳು ಕತ್ತು ಇಳಿಬಿಟ್ಟು, ದಳ ಮಡಿಚಿಕೊಂಡು, ಬಣ್ಣ ಬಿಟ್ಟು ನೇತಾಡುತ್ತಿದ್ದವು. ಚೊಂಬು ಇಟ್ಟ ಅಲ್ಲಾಟಕ್ಕೆ ಎರಡು ಉದುರಿ ಅಮ್ಮನ ಪಾದದ ಹತ್ತಿರ ಬಿದ್ದವು. ಅದು ಅಮ್ಮ ಮುಟ್ಟಿದ ಕಡ್ಡಿ. ಲೈನಿನವರೆಲ್ಲ ಮುಟ್ಟಿದ ಕಡ್ಡಿ ಈಗಷ್ಟೇ ಕತ್ತರಿಸಿದ ಹಾಗೆ ನಿಂತಿತ್ತು.

ದೊಡ್ಡಕ್ಕ ಬಗ್ಗಿ ಉದುರಿದ ಒಂದು ಹೂವನ್ನು ಎತ್ತಿಕೊಂಡು, ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದಳು:

"ಅಮ್ಮೋರೆ, ಬ್ಯಾಸ್ರ ಮಾಡ್ಕಬ್ಯಾಡಿ. ನಿಮ್ಮ ಕೈಗುಣ ಸರಿಗಿಲ್ಲ ಕಣ್ರಮ್ಮ. ಇನ್ಮ್ಯಾಕೆ ನೀವು ಹೂವ ಮುಟ್ಬ್ಯಾಡಿ."

ಲೈನಿಗೆ ಲೈನೇ ಬಿದ್ದು ಬಿದ್ದು ನಕ್ಕಿತು. ಅಮ್ಮನ ಮುಖ ಕೆಂಪಾಯಿತು. "ಆಯ್ತು ಮಾರಾಯ್ತಿ, ಮುಟ್ಟಲ್ಲ. ನೀವು ಬಂದು ಮುಟ್ರೇ," ಎಂದರು ಅಮ್ಮ. ಕಣ್ಣು ತುಂಬಿತ್ತು.

ಸೋಮವಾರ ಮೈದುನ ನೆಟ್ ಬಿಚ್ಚಲು ಆಳು ಹುಡುಕಿಕೊಂಡು ಹೊರಟರೆ, ಹೆಂಗಸರೆಲ್ಲ ಬೆಳಕು ಹರಿಯುವ ಮುಂಚೆಯೇ ಅವರ ವೆನಿಲ್ಲಾದಲ್ಲಿದ್ದರು. ಏಣಿ ತಾನಾಗಿ ವಾಪಸ್ ಹೋಯಿತು. ಮಧ್ಯಾಹ್ನ ನೆರಳುಮನೆಗೆ ಬರುವಾಗ ಹೆಂಗಸರು ತುರುಬಿನ ಸೀಳುಗಳನ್ನು, ಬರಹ ಒರೆಸಿದ್ದ ಬಾಗಿಲಲ್ಲೇ ಒಂದು ಡಬ್ಬಿಗೆ ಹಾಕಿ ಒಳಗೆ ಬಂದರು. ಮದ್ದನ್ನು ನಾನು ಮೊದಲಿನ ಅಳತೆಗೆ ಇಳಿಸಿದೆ. ಆ ಪೆಟ್ಟಿಗೆ ಬೆಂಗಳೂರಿನಿಂದ ವಾಪಸ್ ಬರಲಿಲ್ಲ. ಅದರ ನಂತರದ್ದೂ ಬರಲಿಲ್ಲ. ಯುಗಾದಿಯಾದ ಮೇಲೆ ವ್ಯಾಪಾರಿಯೇ ಫೋನು ಮಾಡಿ ಇನ್ನೂ ಹೆಚ್ಚು ಹೂವು ಕೇಳಿದ.

ಕೊಟ್ಟ ಮಾತನ್ನು ಅಮ್ಮ ಉಳಿಸಿಕೊಂಡರು. ನಾನು ಆ ಎಸ್ಟೇಟಿನಲ್ಲಿದ್ದಷ್ಟು ಕಾಲವೂ ಅವರು ದಿನಾ ನೆರಳುಮನೆಗೆ ಬರುತ್ತಿದ್ದರು, ಸಾಲು ಸಾಲು ನೋಡುತ್ತಿದ್ದರು, ದೊಡ್ಡಕ್ಕನ ಹತ್ತಿರ ಹರಟುತ್ತಿದ್ದರು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.